ಕೂರಿಗೆಗೊಂದು ಠರಾವು

ಸಭೆಗೊಂದು ಶಿಸ್ತು ಬೇಕೆಂದು ನಂಬಿದವನು ಹೊಳಲ್ಕೆರೆ ಕಡೆಯ ಯುವ ರೈತ ಸಂಘಕ್ಕೆ ಸಲಹೆಗಾರನಾಗಬಾರದು. ನಾನು ಆದೆ. ಅಂದಿನಿಂದ ಸಭೆ ಸೇರಿದಾಗಲೆಲ್ಲ ಇಂಥದ್ದೊಂದು ನಡೆದೇ ತೀರುತ್ತದೆ.

ಈ ಸಲ ಕೃಷಿ ಇಲಾಖೆಯವರು ಸಂಘಕ್ಕೆ ಶೇಂಗಾ ಬಿತ್ತುವ ಟ್ರ್ಯಾಕ್ಟರ್ ಕೂರಿಗೆ ಕೊಡಲು ಒಪ್ಪಿದ್ದರು. ಅದನ್ನು ಎಲ್ಲಿ ಇಡುತ್ತೀರೆಂದು ಕ್ರಮಬದ್ಧವಾಗಿ ಠರಾವು ಮಾಡಿ ಶನಿವಾರದೊಳಗೆ ಕೊಡಬೇಕು. ಇಲ್ಲದಿದ್ದರೆ ಕೂರಿಗೆ ಪಕ್ಕದೂರಿಗೆ.

ಕೋರಂ

ಬುಧವಾರದ ಸಭೆ. ಪುಸ್ತಕದಲ್ಲಿ ಹದಿನೈದು ಸಹಿ, ಚಾಪೆಯ ಮೇಲೆ ಆರು ಜನ.

"ಉಳಿದವರೆಲ್ಲಿ?"

"ಕುರಿ ಹಿಂದೆ ಹೋಗವ್ರೆ ಸಾರ್. ಆದ್ರೆ ಅವರ್ದೆಲ್ಲ ಒಪ್ಪಿಗೆ ಐತೆ," ಎಂದ ಕಾರ್ಯದರ್ಶಿ.

"ಯಾವುದಕ್ಕೆ? ವಿಷಯವನ್ನೇ ಇನ್ನೂ ಮಂಡಿಸಿಲ್ಲವಲ್ಲ!"

"ಏನ್ ಮಂಡಿಸಿದ್ರೂ ಒಪ್ಪಿಗೆನೇ ಸಾರ್."

ಇಷ್ಟು ಭದ್ರವಾದ ಬಹುಮತ ಯಾವ ಸರ್ಕಾರಕ್ಕೂ ಸಿಕ್ಕಿರಲಿಕ್ಕಿಲ್ಲ. ಸಭೆ ಮುಂದೂಡಿದೆ.

ಸೂಚಕರು, ಅನುಮೋದಕರು

ಗುರುವಾರ ಎಲ್ಲರೂ ಬಂದರು. ಕೂರಿಗೆಯನ್ನು ಮೇಲಿನ ಕೇರಿಯಲ್ಲಿ ಇಡೋಣವೆಂದು ಒಬ್ಬ ಸೂಚಿಸಿದ. ಅನುಮೋದಿಸಬೇಕಾದವನು ಅವನ ಅಣ್ಣ, ಏಳಲೇ ಇಲ್ಲ.

"ಯಾಕಪ್ಪ, ಒಪ್ಪಿಗೆ ಇಲ್ಲವೇ?"

"ಒಪ್ಪಿಗೆ ಐತೆ ಸಾರ್. ಆದ್ರೆ ತಮ್ಮ ಮೊದ್ಲು ಹೇಳಿ, ನಾನು ಹಿಂದ್ಲಿಂದ ಹೂಂ ಅನ್ನೋದಾ? ನಾಳೆ ಮನೇಲಿ ನನ್ನ ಮಾತು ಯಾರ್ ಕೇಳ್ತಾರೆ?"

ನಡಾವಳಿಯ ಹಾಳೆ ಹರಿದು, ಅಣ್ಣ ಸೂಚಕ, ತಮ್ಮ ಅನುಮೋದಕ ಎಂದು ಹೊಸದಾಗಿ ಬರೆಯುವಷ್ಟರಲ್ಲಿ ಹಾಲು ಕರೆಯುವ ಹೊತ್ತಾಯಿತು. ಸಭೆ ತಾನಾಗಿಯೇ ಮುಂದಕ್ಕೆ ಹೋಯಿತು.

ಮತದಾನ

ಶುಕ್ರವಾರದ ಹೊತ್ತಿಗೆ ಕೆಳಗಿನ ಕೇರಿಯ ಹೆಸರೂ ಎದ್ದಿತ್ತು. ಕೈ ಎತ್ತಿಸಿದೆ. ಮೇಲಿನ ಕೇರಿಗೆ ಹದಿನೈದು ಕೈ. ಕೆಳಗಿನ ಕೇರಿಗೆ? ಅದೇ ಹದಿನೈದು.

"ಒಬ್ಬರಿಗೆ ಒಂದೇ ಮತ!" ಎಂದು ಗದರಿದೆ.

"ಮೇಲೆ ಮಾವ ಅವ್ರೆ, ಕೆಳಗೆ ಭಾವ ಅವ್ರೆ. ಯಾರನ್ನ ಬಿಡಾಣ ಸಾರ್?"

ಇದಕ್ಕೆಲ್ಲ ಗುಪ್ತ ಮತದಾನವೇ ಮದ್ದೆಂದು, ಚೀಟಿಯ ಮೇಲೆ ಜಾಗದ ಹೆಸರು ಬರೆಯಲು ಹೇಳಿದೆ. ಅವರು ಒಂದು ಗಳಿಗೆ ಹೊರಗೆ ಹೋಗಿ ಪಿಸುಗುಟ್ಟಿ ಬಂದರು. ಅಧ್ಯಕ್ಷ ಚೀಟಿ ಬಿಚ್ಚಿ ಒಂದೊಂದಾಗಿ ಓದಿದ. ಹದಿನೈದರಲ್ಲೂ ಒಂದೇ ಜಾಗ: "ಸಾರ್ ಮನೆ ಅಂಗಳ."

"ನನ್ನ ಆಕ್ಷೇಪಣೆ ಇದೆ!" ಎಂದು ಎದ್ದು ನಿಂತೆ.

ನಾನೇ ಇಂಗ್ಲಿಷಿನಿಂದ ಕನ್ನಡಕ್ಕೆ ತಂದು ಕೊಟ್ಟಿದ್ದ ನಿಯಮಾವಳಿಯನ್ನು ಅಧ್ಯಕ್ಷ ತೆಗೆದು, ಬೆರಳಿಟ್ಟು ಓದಿದ: "ಸಲಹೆಗಾರರಿಗೆ ಮತವೂ ಇಲ್ಲ, ಆಕ್ಷೇಪಣೆಯ ಹಕ್ಕೂ ಇಲ್ಲ." ಆಮೇಲೆ ಬಹಳ ಗೌರವದಿಂದ ಚಾಪೆಯತ್ತ ಕೈ ತೋರಿಸಿದ.

"ಕುಂತ್ಕಳ್ರಿ ಸಾರ್. ಠರಾವು ಪಾಸಾಗೈತೆ. ನಿಮ್ಮ ಗೇಟು ಎಷ್ಟು ಅಗಲ ಐತೆ, ಅಷ್ಟು ಮಾತ್ರ ಸಭೆಗೆ ತಿಳಿಸ್ರಿ."