ಶರಬತ್ತಿನಲ್ಲಿ ಹಿಮಪಾತ

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ನಾನು ಅಡುಗೆಮನೆಯಲ್ಲಿ ಮೂರು ಪಾತ್ರೆಗಳನ್ನು ನೋಡುತ್ತ ನಿಂತಿದ್ದೆ. ಒಂದರಲ್ಲಿ ಸಕ್ಕರೆ ಪಾಕ, ಇನ್ನೊಂದರಲ್ಲಿ ನಿಂಬೆರಸ, ಮೂರನೆಯದು ಖಾಲಿ ಲೋಟ. ಶರಬತ್ತು ಕೆಡದಿರಲು ಹಾಕುವ ಬಿಳಿ ಪುಡಿ, ಅಂದರೆ ಸೋಡಿಯಂ ಬೆಂಜೋಯೇಟನ್ನು ನನ್ನ ಹೆಂಡತಿ ಆ ಲೋಟದಲ್ಲಿ ಬೆಚ್ಚಗಿನ ನೀರಿಗೆ ಹಾಕಿ ಕರಗಿಸುತ್ತಾಳೆ. ಅದನ್ನು ಪಾಕಕ್ಕೆ ಸುರಿದು ಚೆನ್ನಾಗಿ ಕಲಕಿ, ಕಟ್ಟಕಡೆಗೆ ನಿಂಬೆರಸ ಬೆರೆಸುತ್ತಾಳೆ. ನಾಲ್ಕು ಚಿಟಿಕೆ ಪುಡಿಗೆ ಹೊಸ ಅಳಿಯನ ಉಪಚಾರ.

ನಾನು ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಹದಿನೆಂಟು ವರ್ಷಗಳಿಂದ ಸಹಾಯಕ. (ಮನೆಯಲ್ಲಿ ಇದನ್ನು ದಿನಕ್ಕೊಮ್ಮೆ ನೆನಪಿಸುತ್ತೇನೆ. ಯಾರೂ ಕೇಳಿದ್ದಲ್ಲ.) ಹಿಂದಿನ ದಿನವಷ್ಟೇ ನೀರು ಕಾಯಿಸುವ ಕೆಟಲಿನೊಳಗಿನ ಬಿಳಿ ಪದರವನ್ನು ನಿಂಬೆಹುಳಿ ಪುಡಿ ಹಾಕಿ ಕರಗಿಸಿದ್ದೆ. ಕಲ್ಲಿನಂಥ ಪದರವನ್ನೇ ಕರಗಿಸಿದ ಹುಳಿ, ಬರೀ ನೀರಿನಲ್ಲಿ ಕರಗುವ ಪುಡಿಯನ್ನು ಬಿಟ್ಟೀತೇ? ನೇರವಾಗಿ ನಿಂಬೆರಸಕ್ಕೇ ಹಾಕಿದರೆ ಲೋಟ, ಬಿಸಿನೀರು, ಹತ್ತು ನಿಮಿಷ, ಎಲ್ಲವೂ ಉಳಿತಾಯ.

ಅಂದಿನ ಇಪ್ಪತ್ತೈದು ಬಾಟಲಿ ಆಸ್ಪತ್ರೆ ಕ್ಯಾಂಟೀನಿಗೆ. ಎರಡು ವರ್ಷ ಅಕ್ಕಪಕ್ಕದವರಿಗಷ್ಟೇ ಮಾಡಿಕೊಟ್ಟವಳಿಗೆ ಇದೇ ಮೊದಲ ದೊಡ್ಡ ಗಿರಾಕಿ. ಸಂಜೆ ನಾಲ್ಕಕ್ಕೆ ಬಂದು ಒಯ್ಯುತ್ತಾರೆ, ಮೆಚ್ಚಿದರೆ ಪ್ರತಿ ವಾರ ಬೇಕು. ಬಾಟಲಿಯ ಮುಚ್ಚಳ ತರಲು ಹೊರಟವಳು ಬಾಗಿಲಲ್ಲಿ ತಿರುಗಿ ನಿಂತು, ಏನನ್ನೂ ಮುಟ್ಟಬೇಡಿ ಎಂದು ಎರಡು ಸಲ ಹೇಳಿ ಹೋಗಿದ್ದಳು.

ಪುಡಿ ಬಿದ್ದ ಕೂಡಲೇ ರಸ ಮಬ್ಬಾಯಿತು. ಸ್ವಲ್ಪ ಹೊತ್ತಿಗೆ ಬಿಳಿ ಚೂರುಗಳು ಮೆಲ್ಲಗೆ ಇಳಿಯತೊಡಗಿದವು, ಪಾತ್ರೆಯೊಳಗೆ ಹಿಮ ಬಿದ್ದಂತೆ. ಹುಳಿ ಸಾಲದೆಂದು ತೀರ್ಪು ಕೊಟ್ಟು, ಕೆಟಲಿಗೆ ಹಾಕಿದ್ದ ಅದೇ ನಿಂಬೆಹುಳಿ ಪುಡಿಯನ್ನು ಎರಡು ಚಮಚ ಸುರಿದೆ. ಚೂರುಗಳ ವಂಶ ಬೆಳೆಯಿತು.

ಹೆಂಡತಿ ಮುಚ್ಚಳಗಳ ಚೀಲ ಕೆಳಗಿಟ್ಟು ಪಾತ್ರೆ ನೋಡಿದಳು.

“ಏನ್ರೀ ಇದು?”

“ತಿರುಳು.”

“ನಿಂಬೆ ತಿರುಳು ಹೊಳೆಯುತ್ತಾ?”

ಉತ್ತರಕ್ಕೆ ನಮ್ಮ ವಿಭಾಗದ ಮೇಡಂಗೆ ಫೋನ್ ಮಾಡಿದೆ. ಹೆಂಡತಿ ಸ್ಪೀಕರ್ ಒತ್ತಿ ಪಕ್ಕದಲ್ಲೇ ಕೂತಳು. ಮೇಡಂ ಎಲ್ಲವನ್ನೂ ಸಾವಧಾನವಾಗಿ ಕೇಳಿಸಿಕೊಂಡರು.

“ಪ್ರತಿ ವರ್ಷ ಲ್ಯಾಬಲ್ಲಿ ಇದೇ ಪುಡಿ ಕರಗಿಸಿದ ನೀರು ಇಡ್ತೀರಿ, ಪಕ್ಕದಲ್ಲಿ ಆಮ್ಲ ಇಡ್ತೀರಿ. ಎರಡೂ ಸೇರಿಸಿದ್ರೆ ಮಕ್ಕಳಿಗೆ ಏನು ಸಿಗುತ್ತೆ?”

“ಬಿಳಿ ಹರಳು, ಮೇಡಂ.”

“ಆ ಗಾಜಿನ ಸಾಮಾನು ತೊಳೆಯೋದು ಯಾರು?”

“ನಾನೇ, ಮೇಡಂ.”

ಹೆಂಡತಿ ನನ್ನನ್ನು ನೋಡಲಿಲ್ಲ. ಅದು ಇನ್ನೂ ಕಷ್ಟವಾಗಿತ್ತು.

ಮೇಡಂ ಬಿಡಿಸಿ ಹೇಳಿದರು. ನೀರಿನಲ್ಲಿ ಸುಲಭವಾಗಿ ಕರಗುವ ಈ ಪುಡಿ, ಹುಳಿ ಸೇರಿದಾಗ ಬೆಂಜೋಯಿಕ್ ಆಮ್ಲವಾಗುತ್ತದೆ. ಅದು ತಣ್ಣೀರಿನಲ್ಲಿ ಕರಗುವುದು ಬಹಳ ಕಡಿಮೆ, ಉಳಿದದ್ದು ಹರಳಾಗುತ್ತದೆ. ಕೆಟಲಿನ ಪದರದ ಸ್ವಭಾವ ಇದಕ್ಕೆ ತದ್ವಿರುದ್ಧ, ಅದು ನೀರಿಗೆ ಕರಗದು, ಹುಳಿಗೆ ಕರಗುತ್ತದೆ. ಆದ್ದರಿಂದ ಪುಡಿಯನ್ನು ಮೊದಲು ನೀರಿನಲ್ಲಿ ಕರಗಿಸಬೇಕು, ಪಾಕದಲ್ಲೆಲ್ಲ ಹರಡಬೇಕು, ಹುಳಿ ಕೊನೆಗೆ.

“ನಾನು ಹಾಗೇ ಮಾಡೋದು ಮೇಡಂ,” ಎಂದಳು ಹೆಂಡತಿ. ಮೊದಲ ವರ್ಷ ಮೂರು ಸಲ ಕೆಡಿಸಿಕೊಂಡು ಕಂಡುಕೊಂಡದ್ದಂತೆ. ನನಗೆ ಹೇಳಿರಲಿಲ್ಲ. (ಹೇಳಿದ್ದಳಂತೆ.)

ನಿಂಬೆರಸವನ್ನು ಬಚ್ಚಲಿಗೆ ಚೆಲ್ಲಿದೆವು. ನಾನು ಮತ್ತೆ ಎರಡು ಚೀಲ ನಿಂಬೆ ಹೊತ್ತು ತಂದು, ಮಧ್ಯಾಹ್ನ ಎರಡರವರೆಗೆ ಹಿಂಡಿದೆ. ಬೆರಳಲ್ಲಿದ್ದ ಒಂದೊಂದು ಗೀರೂ ತನ್ನ ಇರವನ್ನು ಘೋಷಿಸಿತು. ಪಾಕ, ಪುಡಿಯ ನೀರು, ರಸ, ಎಲ್ಲವನ್ನೂ ಅವಳೇ ಬೆರೆಸಿದಳು. ನಾಲ್ಕಕ್ಕೆ ಬಂದ ಕ್ಯಾಂಟೀನಿನವರು ಒಂದು ಲೋಟ ಕುಡಿದು, ಇನ್ನೊಂದು ಕೇಳಿ ಕುಡಿದು, ಮುಂದಿನ ವಾರಕ್ಕೆ ನಲವತ್ತು ಬಾಟಲಿ ಎಂದರು. ಅವಳ ಮುಖ ನೋಡಿ ನನ್ನ ಬೆರಳಿನ ಉರಿ ಅರ್ಧ ಇಳಿಯಿತು.

ಸಂಜೆ ಮೇಡಂ ಮತ್ತೆ ಫೋನ್ ಮಾಡಿದರು, ನನಗಲ್ಲ, ಅವಳಿಗೆ. ಬುಧವಾರ ಹನ್ನೊಂದಕ್ಕೆ ಅವಳು ನಮ್ಮ ಪ್ರಯೋಗಾಲಯದಲ್ಲಿ ಮಕ್ಕಳಿಗೆ ಶರಬತ್ತು ಮಾಡಿ ತೋರಿಸುತ್ತಾಳೆ. ಮೇಜು ಒರೆಸಿಡಲು ನನಗೆ ಹತ್ತೂವರೆಗೆ ಬರಹೇಳಿದ್ದಾರೆ.