ಉದಗೀರದ ಬೆಳ್ಳಿ ಪತ್ತಾರನ ಪೇಚಾಟಗಳು

ನಿಜಾಮ ಸರಕಾರದ ಕಾಲದಲ್ಲಿ ಉದಗೀರದ ಪೇಠೆಯಲ್ಲಿ ಬೆಳ್ಳಿ ಕೆಲಸ ಮಾಡಿಕೊಂಡಿದ್ದ ಪತ್ತಾರ ನಾನು. ಬೆಳ್ಳಿ ಮೆತ್ತನೆಯ ಲೋಹ, ಹೇಳಿದಂತೆ ಬಾಗುತ್ತದೆ. ಅದನ್ನು ಹೊತ್ತು ತರುವ ಮಂದಿ ಬಾಗುವುದಿಲ್ಲ. ಅದಕ್ಕೇ ಅಗ್ಗಿಷ್ಟಿಕೆಯ ಬಿಸಿಗಿಂತ ಗಿರಾಕಿಗಳ ಕೈಯಲ್ಲೇ ನಾನು ಹೆಚ್ಚು ಬೆವೆತಿದ್ದೇನೆ.

ಮುಚ್ಚಳ

ವಲಾಂಡಿಯ ಲಿಂಗವಂತ ರೈತನೊಬ್ಬ ಬಂಡಿಯಿಂದ ಜಾರಿ ಬಿದ್ದ. ಆತನಿಗೇನೂ ಆಗಲಿಲ್ಲ. ಕೊರಳಲ್ಲಿದ್ದ ಬೆಳ್ಳಿ ಕರಡಿಗೆಯ ಅಂಚು ಮಾತ್ರ ನೆಗ್ಗಿ ಮುಚ್ಚಳ ಕಚ್ಚಿಕೊಂಡಿತು. ಲಿಂಗ ಅದರೊಳಗೆ. ಪೂಜೆಯಾಗದೆ ಆತ ನೀರೂ ಮುಟ್ಟುವವನಲ್ಲ, ಆತ ಉಣ್ಣದೆ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ. ಅವತ್ತೇ ಬೀಗರು ಬೇರೆ ಬಂದಿದ್ದರು.

ಬಂಡಿ ಕಳಿಸಿ ನನ್ನನ್ನು ಕರೆಸಿದರು. ಹೋಗಿ ನೋಡಿದರೆ ಬೀಗರೆಲ್ಲ ಎಲೆಯ ಮುಂದೆ ಕೂತು ನನ್ನ ಕೈಯನ್ನೇ ನೋಡುತ್ತಿದ್ದಾರೆ. ಹುಗ್ಗಿ ಆರಿ ಕೆನೆಗಟ್ಟಿದೆ. ಕಾಸುವಂತಿಲ್ಲ, ಬಡಿಯುವಂತಿಲ್ಲ, ಒಳಗೆ ಲಿಂಗವಿದೆ. ಅಂಚಿಗೆ ಎಣ್ಣೆ ಬಿಟ್ಟು ತೆಳ್ಳನೆಯ ತಗಡು ತೂರಿಸುತ್ತಾ ಹೋದೆ. ಹಣೆಯ ಬೆವರು ಮೂಗಿನ ತುದಿಗಿಳಿಯಿತು.

"ತಮ್ಮಾ, ಬೆವರು ಹನಿಸಬ್ಯಾಡಪ್ಪಾ," ಎಂದಳು ರೈತನ ತಾಯಿ.

ಕೊನೆಗೊಮ್ಮೆ 'ಟಕ್' ಎಂದಿತು. ಪೂಜೆಯಾಯಿತು, ಊಟವಾಯಿತು. ಕರಡಿಗೆಯನ್ನು ಅಂಗಡಿಗೆ ಒಯ್ದು ಅಂಚು ನೆಟ್ಟಗೆ ಮಾಡುತ್ತೇನೆ ಎಂದೆ.

"ಒಯ್ಯೋದ್ಯಾಕ್ರೀ? ಈಗೇನಾಗ್ಯಾದ ಇದಕ್ಕ? ಹಿಂಗ ಮುಚ್ಚಿದ್ರ ಆತು, ನೋಡ್ರಿ," ಎಂದು ರೈತ ಲಿಂಗವಿಟ್ಟು ಒತ್ತಿಯೇಬಿಟ್ಟ.

'ಟಕ್.'

ಮುಚ್ಚಳ ಮತ್ತೆ ಕಚ್ಚಿಕೊಂಡಿತು. ಮುದುಕಿ ಸೊಸೆಯ ಕಡೆ ತಿರುಗಿದಳು. "ಪತ್ತಾರ್ಗ ಹಾಸಿಗಿ ಹಾಸವ್ವಾ. ಇವತ್ತ ರಾತ್ರಿ ಊಟಾನೂ ಅಂವನ ಕೈಯಾಗೇ ಅದ."

ನೆರೆಮನೆಯ ತೋಡೆ

ನಿಲಂಗಾದ ಮದುವೆಮನೆಯೊಂದರಿಂದ ಹೇಳಿಕಳಿಸಿದರು. ಮದುಮಗಳ ಕಾಲಿಗೆ ಹಾಕಿದ್ದ ಬೆಳ್ಳಿ ತೋಡೆ ಹೊರಗೆ ಬರುತ್ತಿಲ್ಲ. ನಿಂತೂ ನಿಂತೂ ಹುಡುಗಿಯ ಕಾಲು ಬಾತಿತ್ತು. ತೋಡೆ ಅವಳವಲ್ಲ, ನೆರೆಮನೆಯ ಹೆಂಗಸಿನವು, ಹೊರಡುವ ಮೊದಲು ಮರಳಿಸಬೇಕು. ಇದು ಬೀಗರಿಗೆ ಗೊತ್ತಾದರೆ ಮನೆಯ ಇಜ್ಜತ್ತು ಹೋದಂತೆ.

ಎಣ್ಣೆ ಸವರಿದೆ, ಅಂಟುವಾಳದ ನೊರೆ ಹಚ್ಚಿದೆ. ಹುಡುಗಿ ಹಲ್ಲು ಕಚ್ಚಿ ಅಳು ತಡೆದಳು. "ಕತ್ತರಸ್ತೀನಿ, ಆಮ್ಯಾಲ ಬೆಸದು ಕೊಡ್ತೀನಿ," ಎಂದು ಪಿಸುಗುಟ್ಟಿದೆ.

"ನಮ್ಮವ್ವ ಕೊಟ್ಟಿದ್ದವು! ಅವಕ್ಕ ಕತ್ತರಿ ಹಚ್ಚಿದ್ರ ನನ್ನ ಕಾಲಿಗೇ ಹಚ್ಚಿದಂಗ," ಎಂದಳು ನೆರೆಯಾಕೆ.

ಹೊರಗಿನಿಂದ ವರನ ತಂದೆ ಕೂಗಿದ: "ಜಲ್ದಿ ಮಾಡ್ರಿ! ಗುಂಜೋಟಿ ಹಾದಿ ದೂರ ಅದ."

ಹುಡುಗಿಯನ್ನು ಬಂಡಿ ಹತ್ತಿಸಿದರು. ಹಿಂದೆಯೇ ನೆರೆಯಾಕೆಯೂ ಹತ್ತಿ ಮದುಮಗಳ ಕಾಲಿನ ಹತ್ತಿರ ಕೂತಳು.

"ಇವರು ಯಾರು?" ಎಂದ ವರನ ತಂದೆ.

ಹುಡುಗಿಯ ಅಪ್ಪನ ಮುಖ ಬಿಳಿಚಿಕೊಂಡಿತ್ತು. "ಪಾಠರಾಖೀಣ್ ರೀ... ಹುಡುಗಿ ಜೋಡಿ ಒಬ್ರನ್ನ ಕಳಸೋದು ಪದ್ಧತಿ ಅದಲ್ರೀ."

ಕೆಲವು ದಿನ ಕಳೆದ ಮೇಲೆ ಆ ನೆರೆಯಾಕೆ ತೋಡೆ ಹಿಡಿದು ನನ್ನ ಅಂಗಡಿಗೇ ಬಂದಳು. ಹುಡುಗಿಯ ಬಾವು ಇಳಿದು ತಾವಾಗಿಯೇ ಕಳಚಿದವಂತೆ.

"ಒಳ್ಳೇದಾತಲ್ಲವ್ವಾ," ಎಂದೆ.

"ಏನ್ ಒಳ್ಳೇದು? ಇವನ್ನ ದೊಡ್ಡವು ಮಾಡಿಕೊಡ್ರಿ. ಗುಂಜೋಟಿ ಮಂದಿ ಹೋಳಿಗಿ ಭಾಳ ಬಡಿಸ್ಯಾರ. ಈಗ ನನ್ನ ಕಾಲಿಗೇ ಏರವಲ್ಲವು!"

ಬೀರಪ್ಪನ ಮೀಸೆ

ದೇವಣಿಯ ಹತ್ತಿರ ಕುರಿ ಸಾಕುವವರ ಊರೊಂದಿದೆ. ಅಲ್ಲಿಯ ಬೀರಪ್ಪ ದೇವರ ಬೆಳ್ಳಿ ಮುಖ ಸವೆದು ಕಣ್ಣು ಮೂಗು ಅಳಿಸಿಹೋಗಿದ್ದವು. ಮನೆಮನೆಯ ಹಳೇ ಕಡಗ, ಉಡದಾರ ಕೂಡಿಸಿ ಹೊಸ ಮುಖ ಮಾಡಲು ನನಗೆ ಕೊಟ್ಟರು. ದೇವರ ಬೆಳ್ಳಿ ಚೂರೂ ಆಚೀಚೆಯಾಗಬಾರದೆಂದು ಊರ ಹಿರಿಯನೊಬ್ಬನನ್ನು ಕಾವಲಿಗೆ ಕೂರಿಸಿದರು. ಆತ ತೊಡೆಯ ಮೇಲೆ ಬಡಿಗೆ ಇಟ್ಟುಕೊಂಡು ನನ್ನೆದುರಿಗೆ ಕಣ್ಣು ಪಿಳುಕಿಸದೆ ಕೂತ. ಅರಗಿನ ಮೇಲೆ ತಗಡು ಇಟ್ಟು ಚಾಣದಿಂದ ಬಡಿಯುತ್ತಾ ತಲೆ ಎತ್ತಿದರೆ ಆತನ ದಪ್ಪ ಮೂಗು, ಓರೆ ಮೀಸೆಯ ಮುಖ, ಇಳಿಸಿದರೆ ದೇವರ ಮುಖ. ಕೆಲಸ ಮುಗಿಯುವವರೆಗೂ ಇದೇ.

ಪೂಜೆಯ ದಿನ ಡೊಳ್ಳು ನಿಲ್ಲಿಸಿ ಬಟ್ಟೆ ಸರಿಸಿದರು. ಅದೇ ದಪ್ಪ ಮೂಗು. ಎಡಕ್ಕೆ ಮೇಲೆದ್ದು ಬಲಕ್ಕೆ ಜೋತುಬಿದ್ದ ಅದೇ ಮೀಸೆ. ಎಲ್ಲರೂ ದೇವರನ್ನೊಮ್ಮೆ, ಹಿರಿಯನನ್ನೊಮ್ಮೆ ನೋಡಿದರು. ಬಡಿಗೆ ಹಿಡಿದ ಕೈಗಳು ಬಿಗಿಯಾದವು. ನಾನು ಉದಗೀರದ ಹಾದಿ ಯಾವ ಕಡೆಗಿದೆ ಎಂದು ನೋಡಿಕೊಂಡೆ.

ಮೊದಲ ನೈವೇದ್ಯ ಆ ಹಿರಿಯನ ಹೆಂಡತಿಯದು. ತಾಟು ಹಿಡಿದು ಬಂದಾಕೆ ದೇವರನ್ನು ಕಂಡು ಗಕ್ಕನೆ ನಿಂತಳು.

"ಮನ್ಯಾಗ ದಿನಾ ಈ ಮಾರಿಗೇ ರೊಟ್ಟಿ ಇಡ್ತೀನಿ. ಇಲ್ಲೂ ಇದಕ್ಕೇ ಇಡಬೇಕೇನು?"

ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಗುಡಿ ನಕ್ಕಿತು. ಪೂಜಾರಿ ಮಾತ್ರ ನಗಲಿಲ್ಲ. "ಮತ್ತ ಕರಗಸಬೇಕಂದ್ರ ಇವತ್ತಿನ ಪೂಜಿ ನಿಲ್ತದ," ಎಂದ. ಮತ್ತೆ ಎಲ್ಲರ ಕಣ್ಣೂ ನನ್ನ ಮೇಲೆ ಬಿದ್ದವು.

ಹಿರಿಯ ಎದ್ದ. ನನ್ನ ಕಡೆಗೇ ಬಂದ ಎಂದುಕೊಂಡೆ. ಆತ ನನ್ನನ್ನು ದಾಟಿ ಹೊರಗೆ ಹೋಗಿ ಕುರಿಯ ಉಣ್ಣೆ ಕತ್ತರಿಸುವ ಕತ್ತರಿ ತಂದು, ಎಲ್ಲರೆದುರೇ ತನ್ನ ಮೀಸೆ ಕತ್ತರಿಸಿಕೊಂಡ.

"ದೇವ್ರ ಮೀಸಿ ದೇವ್ರಿಗೇ ಇರಲಿ. ಇನ್ನ ಪೂಜಿ ನಡೀಲಿ."

ಆತನ ಹೆಂಡತಿ ನೈವೇದ್ಯ ಇಟ್ಟು ಅಡ್ಡಬಿದ್ದು, ಎದ್ದು ತಿರುಗಿ ಗಂಡನ ಬೋಳು ಮುಖವನ್ನು ಮೇಲಿಂದ ಕೆಳಗೆ ನೋಡಿದಳು.

"ದೇವ್ರೇನೋ ದೇವ್ರಂಗ ಆದ. ನೀವು ಮಾತ್ರ ಕುರಿಯಂಗ ಆಗೀರಿ, ಕುರಿ ಹಿಂದೇ ಇರ್ರಿ. ನಮ್ಮ ನಾಯಿ ಗುರ್ತು ಹಿಡದ್ರ ಮನಿಗೆ ಬರ್ರಿ!"