ಮೇಲೆ ಹೊಲ, ಕೆಳಗೆ ಬೆಳೆ

ಗುರುಸಿದ್ದ: ಸತ್ತಿಲ್ಲಲೇ ಮೊಸಿನ! ಮುರಗೆಪ್ಪ ಸತ್ತಿಲ್ಲಂದ್ರ ಸತ್ತಿಲ್ಲ!

ಮೊಸಿನ: ದಾಳ ಒಂದ ಬಿದ್ದೈತಿ. ಗವಿಯಾಗಿನ ಹಾವು ಕಡದೈತಿ. ಸತ್ತಾನ.

ಗುರುಸಿದ್ದ: ಅದು ನಮ್ಮ ಮುತ್ಯಾನ ಹೆಸರೋ ಮಾರಾಯಾ! ಖರೇ ಮುತ್ಯಾ ಒಮ್ಮೆ ಸತ್ತಾನ. ಮತ್ತೊಮ್ಮೆ ಸತ್ತಾನಂತ ಅಂವನ ಹೇಣ್ತಿ ಗೌರವ್ವಾಯಿಗೆ ಯಾವ ಬಾಯಿಲೆ ಹೇಳ್ಲಿ?

ಮೊಸಿನ: ಹೆಸರಿಡೂಮುಂದ ವಿಚಾರ ಮಾಡಬೇಕಿತ್ತು.

ಉಟಗಿಯ ಬಸ್ ಸ್ಟ್ಯಾಂಡಿನ ಎದುರು ಉಸ್ಮಾನ್ ಕಾಕಾನ ಹೊಲಿಗೆ ಅಂಗಡಿ. ಕಾಕಾ ದಾರ, ಗುಂಡಿ ತರಲು ಜೀಪು ಹತ್ತಿ ಜತ್ತಿಗೆ ಹೋದರೆ ಸಾಕು, ಕಾಜಾ ಹಾಕುವ ಮೊಸಿನ ಹಲಗೆಯ ಮೇಲಿನ ಬಟ್ಟೆ ಸರಿಸಿ, ತಾನು ಆಟದ ನಿಯಮ ಬರೆದಿಟ್ಟ ವಹಿ ಬಿಚ್ಚುತ್ತಿದ್ದ. ಪುಣೆಯ ಹಾಸ್ಟೆಲ್ಲಿನಿಂದ ಅವನ ಅಣ್ಣ ಅನೀಸ ತಂದುಕೊಟ್ಟ ಝೆರಾಕ್ಸ್ ಪುಸ್ತಕದ ಆಟ ಅದು. ಬೇಕಾದದ್ದು ಕಾಗದ, ದಾಳ, ಬಾಯಿ ಮಾತ್ರ. ಒಬ್ಬ ಕತೆ ನಡೆಸಬೇಕು. ಉಳಿದವರು ಒಂದೊಂದು ಪಾತ್ರವಾಗಿ ಅದರೊಳಗೆ ಹೋಗಬೇಕು.

ಪುಸ್ತಕದಲ್ಲಿ ಪಾತ್ರಕ್ಕೆ ಒಂದು ‘ಕ್ಲಾಸ್’, ಒಂದು ‘ಥೀಮ್’ ಇರಬೇಕೆಂದಿತ್ತು. ಕ್ಲಾಸ್ ಯಾವುದು ಎಂದು ಕೇಳಿದಾಗ ಗುರುಸಿದ್ದ ತಲೆ ತಗ್ಗಿಸಿ, “ಹತ್ತನೇದು, ನಾಪಾಸ” ಎಂದಿದ್ದ. ಆಮೇಲೆ ಮೂರು ದಿನ ಯೋಚಿಸಿ ಮೊಸಿನ ಎಲ್ಲರಿಗೂ ಗೊತ್ತಿರುವ ಸಾತಬಾರಾ ಉತಾರಿಯ ದಾರಿ ಹಿಡಿದ. ಊರ ಲೆಕ್ಕಿಗ ತಲಾಠಿ ಕೊಡುವ ಹೊಲದ ಆ ಸರಕಾರಿ ಕಾಗದದಲ್ಲಿ ಮೇಲಿನ ಅರ್ಧ ಹೊಲದ್ದು, ಕೆಳಗಿನ ಅರ್ಧ ಬೆಳೆಯದ್ದು. ಪಾತ್ರಕ್ಕೂ ಹಾಗೆಯೇ: ಕಸಬು ಹೊಲ, ಅದು ಬದಲಾಗದು, ಅದರ ಮೇಲಿನ ರಂಗು ಬೆಳೆ, ಇವತ್ತು ಜೋಳ, ನಾಳೆ ತೊಗರಿ. ಮೇಲೆ ಹೊಲ, ಗೀಟು, ಕೆಳಗೆ ಬೆಳೆ. ಗುರುಸಿದ್ದನ ಪಾತ್ರ ಮುರಗೆಪ್ಪ ಕಸಬಿನಿಂದ ವೀರ, ರಂಗಿನಿಂದ ಕುರಿಗಾಹಿ. ಆದ್ದರಿಂದ ಮೊಸಿನ ಬರೆದುಕೊಟ್ಟ ಅವನ ಉತಾರಿಯಲ್ಲಿ ಮೇಲೆ ‘ವೀ’, ಕೆಳಗೆ ‘ಕು’.

ಗುರುಸಿದ್ದ ಅಂಗಿಯ ಕಿಸೆಯಿಂದ ಮಡಿಸಿದ ಹಾಳೆ ತೆಗೆದು ಹಲಗೆಗೆ ಬಡಿದ.

ಗುರುಸಿದ್ದ: ನೋಡು. ಮುರಗೆಪ್ಪನ ಉತಾರಿ. ಮ್ಯಾಲೆ ಏನೈತಿ?

ಮೊಸಿನ: ವೀ.

ಗುರುಸಿದ್ದ: ಕಣ್ಣ ತಕ್ಕೊಂಡು ನೋಡಲೇ!

ಮೊಸಿನ ನೋಡಿದ. ಮೇಲೆ ‘ಕು’, ಕೆಳಗೆ ‘ವೀ’.

ಗುರುಸಿದ್ದ: ಅಂದ್ರ ಮುರಗೆಪ್ಪನ ಹೊಲ ಯಾವುದು? ಕುರಿಗಾಹಿ. ಇನ್ನ ನಿನ್ನ ವಹಿ ನಾಲ್ಕನೇ ಪಾನ ಓದು.

ಮೊಸಿನ: (ಮೆಲ್ಲಗೆ) ‘ಕಸಬಿನಿಂದ ಕುರಿಗಾಹಿ ಆದವನು ಗವಿಯೊಳಗೆ ಹೋಗುವಂತಿಲ್ಲ. ಕುರಿ ಬಿಟ್ಟು ಹೋಗುವವನು ಕುರಿಗಾಹಿಯೇ ಅಲ್ಲ.’

ಗುರುಸಿದ್ದ: ಮುಗೀತಲ್ಲ! ಮುರಗೆಪ್ಪ ಗವಿಯಾಗ ಹೋಗಾಕ ಬರಂಗಿಲ್ಲ. ಹೋಗಿಲ್ಲಂದಮ್ಯಾಲೆ ಹಾವು ಯಾರಿಗೆ ಕಡೀತು?

ಮೊಸಿನ: ಗವಿ ಬಾಗಲದಾಗ ‘ನಾ ಒಳಗ ಹೊಂಟೆ’ ಅಂತ ಒದರಿದಾಂವ ನೀನ.

ಗುರುಸಿದ್ದ: ಬಾಯಿಮಾತಿಗೆ ಕಿಮ್ಮತ್ತಿಲ್ಲ. ಕಾಗದ ಏನ ಹೇಳ್ತೈತಿ ಅದ ಖರೆ. ಇದು ನೀನ ಕಲಿಸಿದ ಮಾತು.

ಮೊಸಿನ: ಹಂಗಾರ ಬರಿಯಾಗ ಚೂಕಾಗೈತಿ. ತಿದ್ದತೀನಿ.

ಗುರುಸಿದ್ದ: ಹಂಗ ತಿದ್ದಾಕ ಬರ್ತೈತೇನು? ಉತಾರಿ ತಿದ್ದಬೇಕಂದ್ರ ತಲಾಠಿಗೆ ಅರ್ಜಿ ಕೊಡಬೇಕು. ಚಾವಡಿಗೆ ನೋಟೀಸ ಹಚ್ಚಿ ಹದಿನೈದ ದಿವಸ ಕಾಯಬೇಕು. ಹಚ್ಚೀಯೇನು ನೋಟೀಸ?

ಅಷ್ಟರಲ್ಲಿ ಗುರುಸಿದ್ದನ ತಂಗಿ ಉಮಾಶ್ರೀ ಒಳಗೆ ಬಂದಳು. ಒಂದು ಕೈಯಲ್ಲಿ ಅಣ್ಣನ ಬುತ್ತಿ, ಇನ್ನೊಂದರಲ್ಲಿ ಹೊಲಿಯಲು ಕೊಡುವ ಜಂಪರಿನ ಬಟ್ಟೆ.

ಉಮಾಶ್ರೀ: ಯಾರ ಸತ್ತಾರ? ಸ್ಟ್ಯಾಂಡತನಾ ಕೇಳಾಕತ್ತೈತಿ.

ಗುರುಸಿದ್ದ: ಯಾರೂ ಸತ್ತಿಲ್ಲ. ಬುತ್ತಿ ಇಟ್ಟು ಮನಿಗೆ ನಡಿ. ಇದು ಹುಡುಗ್ಯಾರ ಆಟ ಅಲ್ಲ.

ಉಮಾಶ್ರೀ: ಆಡೂ ಹಕ್ಕ ಬಿಟ್ಟೀನಂತ ನಾ ಎಲ್ಲೂ ಸಹಿ ಮಾಡಿಲ್ಲ.

ಮೊಸಿನನ ಕಿವಿಗೆ ಇವರ ಮಾತು ಬೀಳಲಿಲ್ಲ. ಒಂಬತ್ತನೇ ಇಯತ್ತೆಯಲ್ಲಿ ಅವನ ಪ್ರತಿ ವಹಿಯ ಮೇಲೂ ಗುರುಗಳ ಕೆಂಪು ಶಾಯಿ ಇತ್ತು. ಶಾಲೆ ಬಿಟ್ಟದ್ದೂ ಆ ಕೆಂಪಿಗೆ ಅಂಜಿಯೇ. ಈ ಒಂದು ವಹಿಯಲ್ಲಿ ಮಾತ್ರ ತಪ್ಪಿಲ್ಲ ಎಂದು ಅವನು ನಂಬಿದ್ದ. ಬರೆಯುವ ಮೊದಲು ಸೀಸಕಡ್ಡಿಯಲ್ಲಿ ಬರೆದು, ಎರಡು ಸಲ ಓದಿ, ಆಮೇಲೆ ಪೆನ್ನು ಆಡಿಸುತ್ತಿದ್ದ. ಈಗ ಹಾಳೆಯನ್ನು ಬೆಳಕಿಗೆ ಹಿಡಿದ. ಅಕ್ಷರ ತನ್ನದೇ, ಗೀಟೂ ತನ್ನದೇ. ಅವನು ವಹಿ ಮುಚ್ಚಿ, ಕಾಕಾನ ದೊಡ್ಡ ಕತ್ತರಿಗೆ ಕೈ ಹಾಕಿದ.

ಗುರುಸಿದ್ದ: ಏ, ಏನ ಮಾಡ್ತೀಯೋ?

ಮೊಸಿನ: ಮೊದಲನೇ ಉತಾರಿನ ತಪ್ಪಂದ್ರ ಉಳಿದದ್ದು ಹೆಂಗ ನಂಬೂದು? ಜಂಪರಕ ಮಾಪಿನ ಕಾಗದ ಬೇಕಾಗೈತಿ. ಕತ್ತರಸ್ತೀನಿ.

ಗುರುಸಿದ್ದ: ಅಲ್ಲೋ, ಮುರಗೆಪ್ಪನ ಕತ್ತಿ? ಅಂವ ಗೆದ್ದ ಕೋಟೆ? ಎಲ್ಲಾ ಅದರಾಗೈತಲ್ಲೋ!

ಮೊಸಿನ: ಜಂಪರಿನ ತೋಳಾಗ ಹೊಕ್ಕಾವ.

ಕತ್ತರಿ ಬಾಯಿ ತೆರೆಯಿತು. ಉಮಾಶ್ರೀ ಬುತ್ತಿಯನ್ನು ದಪ್ಪನೆ ವಹಿಯ ಮೇಲೆ ಇಟ್ಟುಬಿಟ್ಟಳು.

ಉಮಾಶ್ರೀ: ನಿಂದ್ರು! ಆ ಉತಾರಿ ನೀ ಬರದದ್ದಲ್ಲ. ನಾ ಬರದದ್ದು.

ಗುರುಸಿದ್ದ: ಉಮಿ, ಸುಮ್ಮನಿರು!

ಉಮಾಶ್ರೀ: (ಮೊಸಿನನಿಗೆ) ನೀ ಬರದದ್ದನ್ನ ಕುರಿಮರಿ ತಿಂದೈತಿ. ಇಂವ ದೊಡ್ಡ ಕುರಿಗಾಹಿ, ಉತಾರಿ ಹಟ್ಟಿ ಗ್ವಾಡಿಗೆ ಸಿಗಿಸಿದ್ದ. ನಿನಗ ಅಂಜಿ ನನ್ನ ಕಡೆಯಿಂದ ಹಂಗ ಬರಿಸಿಕೊಂಡ. ನಿನ್ನ ಅಕ್ಷರ ಕಲಿಯಾಕ ನನಗ ಎರಡ ದಿವಸ ಹಿಡೀತು.

ಮೊಸಿನ: (ಕತ್ತರಿ ಕೆಳಗಿಟ್ಟು) ಹಂಗಾರ ನಾ ಬರದದ್ದು?

ಉಮಾಶ್ರೀ: ಸರಿ ಇತ್ತು. ಮ್ಯಾಲೆ ವೀ, ಕೆಳಗ ಕು. ನಾನ ಬೇಕಂತ ತಿರುಗಾಮುರುಗಾ ಮಾಡೀನಿ. ಬರದಕೊಟ್ಟರ ಆಟಕ್ಕ ಕರ್ಕೊಂತೀನಂದಿದ್ದ. ಬರಿಸಿಕೊಂಡು ‘ಜಾಗಾ ಇಲ್ಲ’ ಅಂದ. ಬರಿಯೂಮುಂದನ ನನಗ ಗೊತ್ತಿತ್ತು ಇಂವ ಹಂಗ ಅಂತಾನಂತ.

ಮೊಸಿನನ ಮುಖ ಅರಳಿತು. ಅವನು ಹಾಳೆಯನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದ. ಈ ಸಲ ಬರೆದವಳ ಕೈ ಮೆಚ್ಚಲು.

ಮೊಸಿನ: ಗೀಟು ನನಕಿಂತ ನೆಟ್ಟಗ ಬಂದೈತಿ.

ಗುರುಸಿದ್ದ: ಗೀಟು ಹಾಳಾಗ್ಲಿ! ಈಗ ಮುತ್ಯಾನ ಗತಿ?

ಮೊಸಿನ: ಹೊಲ ವೀರ. ಗವಿಗೆ ಹೋಗ್ಯಾನ. ಹಾವು ಕಡದೈತಿ. ಸತ್ತಾನ. ಹಂಗಾಗಿ ಒಂದ ಜಾಗಾನೂ ಖಾಲಿ ಆತು. ಉಮಾಶ್ರೀ, ನಿನ್ನ ಹೊಲ ಏನಂತ ಬರೀಲಿ?

ಉಮಾಶ್ರೀ: ಮ್ಯಾಲೆ ತಲಾಠಿ. ಕೆಳಗ ತಂಗಿ.

ಗುರುಸಿದ್ದ: ತಲಾಠಿ ಅಂತ ಪುಸ್ತಕದಾಗ ಇಲ್ಲ! ಕತ್ತಿ ಇಲ್ಲ, ಮಂತ್ರ ಇಲ್ಲ. ಮೊದಲನೇ ಗವಿಯಾಗ ಸಾಯ್ತಿ ನೋಡು.

ಉಮಾಶ್ರೀ: ತಲಾಠಿಗೆ ಕತ್ತಿ ಯಾಕಬೇಕು? ಪೆನ್ನ ಕೊಡು, ಮೊಸಿನ.

ಕಾಕಾನಿಗೂ ಮುಟ್ಟಗೊಡದ ಪೆನ್ನನ್ನು ಮೊಸಿನ ಅಂಗಿಗೆ ಒರೆಸಿ ಕೊಟ್ಟ. ಅವಳು ಕುರ್ಚಿ ಎಳೆದು ಕೂತು, ವಹಿ ತನ್ನ ಕಡೆ ತಿರುಗಿಸಿಕೊಂಡಳು.

ಗುರುಸಿದ್ದ: (ದನಿ ಇಳಿಸಿ) ಉಮೀ, ನನ್ನ ತಂಗಿ ಅಲ್ಲೇನು? ಮುತ್ಯಾನ್ನ ಉಳಿಸಾಕ ಏನರೆ ದಾರಿ ಐತೇನು ನೋಡವಾ.

ಉಮಾಶ್ರೀ: (ತಲೆ ಎತ್ತದೆ) ಅರ್ಜಿ ತಗೊಂಡು ನಾಳಿ ಬರ್ರಿ. ಚಾವಡಿಗೆ ನೋಟೀಸ ಹಚ್ಚಿ ಹದಿನೈದ ದಿವಸ ಕಾಯಬೇಕಾಗ್ತೈತಿ.